ಎರಡು ಮಿಲಿಮೀಟರ್ ಬಸವನಹುಳುವಿನ ಕುಟುಂಬವನ್ನು ಗುರುತಿಸುವ ಬಗೆ: ಕರಾವಳಿಯ ಹವ್ಯಾಸಿಗಳಿಗೊಂದು ಮಾರ್ಗದರ್ಶಿ

ಕರಾವಳಿಯಲ್ಲಿ ಬಸವನಹುಳು ಎಂದೊಡನೆ ನೆನಪಾಗುವುದು ಮಳೆಗಾಲದ ರಾತ್ರಿಗಳಲ್ಲಿ ಬಸಳೆ ಚಪ್ಪರವನ್ನೂ ಪಪ್ಪಾಯಿ ಸಸಿಯನ್ನೂ ಬೋಳಿಸುವ ಆಫ್ರಿಕದ ದೈತ್ಯ ಬಸವನಹುಳು. ಅದೇ ಅಂಗಳದ ಅಂಚಿನ ಮುರಕಲ್ಲಿನ ಗೋಡೆಯಲ್ಲಿ, ಹಲಸಿನ ಮರದ ಬುಡದ ತರಗೆಲೆಯಲ್ಲಿ, ಪೂರ್ಣ ಬೆಳೆದ ಮೇಲೂ ಕೆಲವೇ ಮಿಲಿಮೀಟರ್ ಉದ್ದವಿರುವ ಬಸವನಹುಳುಗಳು ಬದುಕುತ್ತವೆ. ಅವು ಯಾವ ಗಿಡವನ್ನೂ ಕಾಡುವುದಿಲ್ಲವಾದ್ದರಿಂದ ಅವುಗಳ ಕಡೆ ಯಾರ ಗಮನವೂ ಹರಿಯುವುದಿಲ್ಲ. ಇಂಥ ಸಣ್ಣ ನೆಲವಾಸಿಗಳಲ್ಲಿ ರಚನೆಯ ದೃಷ್ಟಿಯಿಂದ ಅತ್ಯಂತ ಕುತೂಹಲಕಾರಿಯಾದದ್ದು ಡಿಪ್ಲೊಮ್ಯಾಟಿನಿಡೀ ಎಂಬ ಕುಟುಂಬ. ಆ ಕುಟುಂಬವನ್ನು ಗುರಿಯಾಗಿಟ್ಟುಕೊಂಡು ಸಣ್ಣ ಚಿಪ್ಪೊಂದನ್ನು ಹುಡುಕುವುದು, ನೋಡುವುದು ಮತ್ತು ವರ್ಗೀಕರಣದಲ್ಲಿ ಅದಕ್ಕೊಂದು ಸ್ಥಾನ ಕೊಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಕೈಯಲ್ಲಿರುವ ಸಾಕ್ಷ್ಯ ಎಲ್ಲಿಯವರೆಗೆ ಕರೆದೊಯ್ಯುತ್ತದೋ ಅಲ್ಲಿಯವರೆಗೆ ಮಾತ್ರ ಹೆಸರಿಸಬೇಕು. ಕುಟುಂಬದ ಮಟ್ಟದಲ್ಲಿ ನಿಂತುಬಿಡುವುದು ಈ ಕೆಲಸದಲ್ಲಿ ಸೋಲಲ್ಲ ಎಂಬುದು ಈ ಬರಹದುದ್ದಕ್ಕೂ ಇಟ್ಟುಕೊಂಡ ನಿಲುವು.

ಡಿಪ್ಲೊಮ್ಯಾಟಿನಿಡೀ ಕುಟುಂಬದ ಬಹುತೇಕ ಪ್ರಭೇದಗಳ ಚಿಪ್ಪಿನ ಎತ್ತರ ಒಂದರಿಂದ ಐದು ಮಿಲಿಮೀಟರ್‌ಗಳ ಒಳಗಿರುತ್ತದೆ. ಹಿಮಾಲಯ, ದಕ್ಷಿಣ ಭಾರತ ಮತ್ತು ಶ್ರೀಲಂಕಾದಿಂದ ಹಿಡಿದು ಆಗ್ನೇಯ ಏಷ್ಯಾ, ಜಪಾನ್, ಆಸ್ಟ್ರೇಲಿಯಾ ಹಾಗೂ ಪೆಸಿಫಿಕ್ ದ್ವೀಪಗಳವರೆಗೆ ಇವು ಹರಡಿವೆ. ಮಲೇಷ್ಯಾದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಮತ್ತು ಪಲಾವು ದ್ವೀಪಗಳಲ್ಲಿ ಇವುಗಳ ವೈವಿಧ್ಯ ಬಹಳ ಹೆಚ್ಚು. ನಮ್ಮ ಅಂಗಳದ ಹೆಚ್ಚಿನ ಬಸವನಹುಳುಗಳಿಗಿಂತ ಇವು ಮೂಲದಲ್ಲೇ ಬೇರೆ. ಇವುಗಳಿಗೆ ಚಿಪ್ಪಿನ ಬಾಯಿಯನ್ನು ಮುಚ್ಚಿಕೊಳ್ಳುವ ಮುಚ್ಚಳವಿದೆ, ಗಂಡು ಹೆಣ್ಣು ಬೇರೆಬೇರೆಯಾಗಿವೆ, ತಲೆಯ ಮೇಲಿರುವುದು ಎರಡೇ ಕೋಡು, ಕಣ್ಣುಗಳು ಆ ಕೋಡುಗಳ ಬುಡದಲ್ಲಿವೆ. ದೈತ್ಯ ಬಸವನಹುಳು ಮತ್ತು ಅದರ ಬಳಗಕ್ಕೆ ಸಾಮಾನ್ಯವಾಗಿ ನಾಲ್ಕು ಕೋಡುಗಳು, ಮೇಲಿನ ಎರಡರ ತುದಿಯಲ್ಲಿ ಕಣ್ಣುಗಳು, ಒಂದೇ ಜೀವಿಯಲ್ಲಿ ಗಂಡು ಹೆಣ್ಣು ಎರಡೂ ಅಂಗಗಳು, ಮುಚ್ಚಳವಂತೂ ಇಲ್ಲ. ಎರಡೂ ಬಗೆಯವು ನೆಲದ ಮೇಲೆ ಗಾಳಿಯನ್ನು ಉಸಿರಾಡುತ್ತವೆಯಾದರೂ ನೀರಿನಿಂದ ನೆಲಕ್ಕೆ ಬಂದ ದಾರಿಗಳು ಬೇರೆಬೇರೆ.

ಎಲ್ಲಿ ಹುಡುಕಬೇಕು

ಚಿಪ್ಪು ಕಟ್ಟಿಕೊಳ್ಳಲು ಸುಣ್ಣದ ಅಂಶ ಬೇಕು. ದಕ್ಷಿಣ ಕನ್ನಡ ಮತ್ತು ಉಡುಪಿಯ ಮುರಕಲ್ಲಿನ ನೆಲದಲ್ಲಿ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ ತೊಳೆದುಬಿಟ್ಟ ಮೇಲೆ, ಆ ಅಂಶ ತೀರಾ ಕಡಿಮೆ ಉಳಿದಿರುತ್ತದೆ. ಹುಳಿಯಾದ ಮಣ್ಣಿನಲ್ಲಿ ಸತ್ತ ಹುಳುಗಳ ಚಿಪ್ಪು ಕೂಡ ಬೇಗ ಕರಗಿಹೋಗುತ್ತದೆ. ಸುಣ್ಣಕಲ್ಲಿನ ನಾಡಿನಲ್ಲಿ ಒಂದು ಹಿಡಿ ಮಣ್ಣಿನಲ್ಲಿ ನೂರಾರು ಚಿಪ್ಪುಗಳು ಸಿಗುವುದನ್ನು ಓದಿ ಇಲ್ಲಿಯೂ ಹಾಗೆಯೇ ನಿರೀಕ್ಷಿಸಿದರೆ ನಿರಾಶೆಯಾಗುತ್ತದೆ. ಆದ್ದರಿಂದ ಸುಣ್ಣ ಸೇರಿಕೊಂಡಿರುವ ಎಡೆಗಳನ್ನು ಮೊದಲು ಹುಡುಕುವುದು ಜಾಣತನ. ಚಿಪ್ಪಿಸುಣ್ಣದ ಗಾರೆ ಬಳಿದ ಹಳೆಯ ಗೋಡೆಗಳ ಬುಡ, ಬಾರ್ಕೂರಿನಂಥ ಹಳೆಯ ಊರುಗಳ ಪಾಳುಗೋಡೆಗಳ ಸುತ್ತ, ಬಳಕೆ ತಪ್ಪಿದ ಸುಣ್ಣದ ಗೂಡುಗಳ ನೆಲ, ಕೆರೆಕಲ್ಯಾಣಿಗಳ ಕಲ್ಲುಸಂದಿನ ಪಾಚಿ ಇವೆಲ್ಲ ಆರಂಭಕ್ಕೆ ತಕ್ಕ ಜಾಗಗಳು. ಅಲ್ಲಿ ಸಿಗುವುದರಲ್ಲಿ ಬಹುಪಾಲು ಬೇರೆ ಕುಟುಂಬಗಳವೇ ಆಗಿರುತ್ತವೆ, ಆದರೆ ಕಣ್ಣು ಪಳಗುವುದು ಅವುಗಳಿಂದಲೇ. ಡಿಪ್ಲೊಮ್ಯಾಟಿನಿಡೀ ಬೇಕೆಂದಾದರೆ ಹೆಚ್ಚಿನ ಭರವಸೆ ಇರುವುದು ಘಟ್ಟದ ತಪ್ಪಲಿನ ನಿತ್ಯಹರಿದ್ವರ್ಣ ಕಾಡುಗಳಲ್ಲಿ, ತೋಡಿನ ಬದಿಯ ಬಂಡೆಗಳ ಬುಡದಲ್ಲಿ, ವರ್ಷಗಟ್ಟಲೆ ಯಾರೂ ಗುಡಿಸದ ತರಗೆಲೆಯ ಅಡಿಯಲ್ಲಿ.

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಮತ್ತು ಮೂಕಾಂಬಿಕಾ ವನ್ಯಜೀವಿಧಾಮಗಳ ಒಳಗಿನಿಂದ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಒಂದು ಎಲೆಯನ್ನೂ ತರುವಂತಿಲ್ಲ. ಖಾಲಿ ಚಿಪ್ಪು ತಾನೇ ಎಂಬ ಸಮಜಾಯಿಷಿಗೆ ಅಲ್ಲಿ ಬೆಲೆಯಿಲ್ಲ. ನಾಗಬನಗಳ ಮಾತು ಇನ್ನೂ ಸೂಕ್ಷ್ಮ. ಬನದೊಳಗಿನ ತರಗೆಲೆ ತಲೆಮಾರುಗಳಿಂದ ಕದಲದೆ ಉಳಿದಿರುವುದರಿಂದ ಅಲ್ಲಿ ಸಣ್ಣ ಜೀವಿಗಳು ದಟ್ಟವಾಗಿರುವುದು ಸಹಜ, ಮತ್ತು ಅದೇ ಕಾರಣಕ್ಕೆ ಅಲ್ಲಿ ಕೈಯಾಡಿಸಬಾರದು. ಮನೆತನದ ಹಿರಿಯರನ್ನು ಕೇಳಿ, ಬನದ ಹೊರಗಿನ ಕಟ್ಟೆಯ ಸುತ್ತ ಕಣ್ಣಿನಿಂದ ನೋಡಿ ಫೋಟೋ ತೆಗೆಯುವುದಕ್ಕೆ ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ಸ್ವಂತ ತೋಟ, ಪರಿಚಿತರ ಹಾಡಿ, ಕಾಲೇಜಿನ ಆವರಣ ಇಷ್ಟೇ ಒಬ್ಬ ಹವ್ಯಾಸಿಯ ಹಲವು ವರ್ಷಗಳ ಕೆಲಸಕ್ಕೆ ಸಾಕು.

ಯಾವಾಗ ಹೋಗಬೇಕು

ಜೀವಂತ ಹುಳುಗಳನ್ನು ನೋಡಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಾಲವೇ ಸರಿ. ತರಗೆಲೆ ಜರಡಿಯಾಡಲು ಮಾತ್ರ ಒದ್ದೆ ಸಮಯ ಏನೂ ಪ್ರಯೋಜನವಿಲ್ಲ. ಎಲೆಯೂ ಮಣ್ಣೂ ಮುದ್ದೆಯಾಗಿ ಜರಡಿಗೆ ಅಂಟಿಕೊಳ್ಳುತ್ತದೆ. ಪುಸ್ತಕದ ಪ್ರಕಾರ ಒಣಗಾಲ ಉತ್ತಮವೆಂದರೂ ನಮ್ಮ ಭಾಗದಲ್ಲಿ ಅದಕ್ಕೊಂದು ಅಡ್ಡಿಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳ ಮರಿಗಳು ತರಗೆಲೆಯಲ್ಲಿ ಹೆಚ್ಚು ಚುರುಕಾಗಿರುವುದು ಮಳೆ ನಿಂತ ಮೇಲಿನ ತಿಂಗಳುಗಳಿಂದ ಬೇಸಗೆಯವರೆಗೆ, ಮತ್ತು ಘಟ್ಟದ ತಪ್ಪಲಿನ ಕಾಡುಗಳೂ ಆ ಕಾಯಿಲೆಯ ವ್ಯಾಪ್ತಿಯೊಳಗೇ ಬರುತ್ತವೆ. ಹಾಗಾಗಿ ಕಾಡಿನ ತರಗೆಲೆಯನ್ನು ಮಳೆ ಇಳಿಮುಖವಾಗುವ ಅಕ್ಟೋಬರ್‌ನಲ್ಲೇ ಸ್ವಲ್ಪವಾಗಿ ತಂದು ಮನೆಯಲ್ಲಿ ಒಣಗಿಸಿಕೊಳ್ಳುವುದು ಮೇಲು. ಜನವರಿಯ ನಂತರ ಕಾಡಿನೊಳಗೆ ಕುಳಿತು ಎಲೆ ಕೆದಕುವ ಕೆಲಸವನ್ನು ಬಿಟ್ಟೇಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮಂಗ ಸತ್ತ ಸುದ್ದಿಯಿರುವ ಜಾಗಕ್ಕೆ ಯಾವ ತಿಂಗಳಲ್ಲೂ ಹೋಗಬಾರದು. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಒಳಗೆ ಸೇರಿಸಿದ ಕಾಲುಚೀಲ, ರಬ್ಬರ್ ಕೈಗವಸು ಇಷ್ಟು ಎಲ್ಲ ಕಾಲಕ್ಕೂ ಇರಲಿ. ಬಸವನಹುಳುಗಳ ಮೈಯಲ್ಲಿ ಮನುಷ್ಯರ ಮಿದುಳಿನ ಪೊರೆಗೆ ತೊಂದರೆ ಕೊಡಬಲ್ಲ ಒಂದು ಬಗೆಯ ಪರೋಪಜೀವಿ ದುಂಡುಹುಳು ಇರುವ ಸಾಧ್ಯತೆಯುಂಟು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಬಾಯಿಗೆ ಏನನ್ನೂ ಹಾಕಬಾರದು.

ತರುವುದು, ಜರಡಿಯಾಡುವುದು, ಹೆಕ್ಕುವುದು

ಒಂದು ಜಾಗದಿಂದ ನಾಲ್ಕೈದು ಲೀಟರಿನಷ್ಟು ತರಗೆಲೆ ಮತ್ತು ಅದರಡಿಯ ಬೆರಳುದ್ದದ ಪುಡಿಮಣ್ಣು ಸಾಕು. ಮೇಲಿನ ಹಸಿ ಎಲೆಗಳನ್ನು ಅಲ್ಲಿಯೇ ಒದರಿ ಬಿಡಬೇಕು. ಕೆಳಗಿನ ಅರೆಕೊಳೆತ ಪದರದಲ್ಲಿಯೇ ಚಿಪ್ಪುಗಳಿರುವುದು. ಪ್ಲಾಸ್ಟಿಕ್ ಚೀಲಕ್ಕಿಂತ ಬಟ್ಟೆಯ ಚೀಲ ಒಳ್ಳೆಯದು, ಏಕೆಂದರೆ ನಮ್ಮ ಸೆಕೆಗೆ ಪ್ಲಾಸ್ಟಿಕ್ಕಿನೊಳಗಿನ ಎಲ್ಲವೂ ಒಂದೇ ರಾತ್ರಿಯಲ್ಲಿ ಬೂಸಲು ಹಿಡಿಯುತ್ತದೆ. ಜಾಗದ ಹೆಸರು, ದಿನಾಂಕ, ಅಕ್ಷಾಂಶ ರೇಖಾಂಶಗಳನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನು ಚೀಲದ ಒಳಗೇ ಹಾಕಬೇಕು. ಮನೆಗೆ ಬಂದು ಬರೆದುಕೊಂಡರಾಯಿತು ಎಂದು ಮುಂದೂಡಿದ ಚೀಟಿ ಎಂದೂ ಸರಿಯಾಗಿ ಬರೆಯಲ್ಪಡುವುದಿಲ್ಲ.

ಒಣಗಿಸುವ ಮೊದಲು ಜೀವಂತ ಹುಳುಗಳನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ. ತಂದದ್ದನ್ನು ಅಡಿಕೆ ಹಾಳೆಯ ಮೇಲೋ ಬಿಳಿ ಟ್ರೇಯಲ್ಲೋ ತೆಳುವಾಗಿ ಹರಡಿ, ಅಂಚಿಗೆ ಒದ್ದೆ ಬಟ್ಟೆಯನ್ನಿಟ್ಟು ಒಂದು ರಾತ್ರಿ ಬಿಟ್ಟರೆ ಜೀವಂತವಾಗಿರುವುದರಲ್ಲಿ ಬಹುಪಾಲು ಒದ್ದೆಯ ಕಡೆ ಸರಿದಿರುತ್ತವೆ. ಅವನ್ನು ನೋಡಿ, ಫೋಟೋ ತೆಗೆದು, ತಂದ ಜಾಗಕ್ಕೇ ಬಿಟ್ಟು ಬರಬೇಕು. ಕುಟುಂಬ ಗುರುತಿಸುವುದಕ್ಕೆ ಖಾಲಿ ಚಿಪ್ಪುಗಳೇ ಸಾಕಾಗಿರುವಾಗ ಕೊಲ್ಲುವ ಪ್ರಶ್ನೆಯೇ ಏಳುವುದಿಲ್ಲ.

ಉಳಿದದ್ದನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ ಮೊದಲು ಮರಳು ಜಾಲಿಸುವ ಜರಡಿಯಲ್ಲಿ, ಆಮೇಲೆ ಹಿಟ್ಟಿನ ಜರಡಿಯಲ್ಲಿ ಹಾಯಿಸಬೇಕು. ಮೊದಲನೆಯದು ಕಡ್ಡಿ ಎಲೆಗಳನ್ನು ತಡೆಯುತ್ತದೆ, ಎರಡನೆಯದರಿಂದ ದೂಳು ಇಳಿದುಹೋಗುತ್ತದೆ. ನಮಗೆ ಬೇಕಾದದ್ದು ಹಿಟ್ಟಿನ ಜರಡಿಯ ಮೇಲೆ ಉಳಿದ ಪಾಲು. ಹಿಟ್ಟಿನ ಜರಡಿಯ ಕಣ್ಣು ಅರ್ಧ ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ ಅತಿ ಸಣ್ಣವು ನುಸುಳಿಹೋಗುತ್ತವೆ ಎಂಬುದನ್ನು ನೆನಪಿಡಬೇಕು. ಹೀಗೆ ಉಳಿದ ಪುಡಿಯನ್ನು ಬಕೆಟಿನ ನೀರಿಗೆ ಸುರಿದು ಮೆಲ್ಲನೆ ಕಲಕಿದರೆ ಗಾಳಿ ತುಂಬಿದ ಖಾಲಿ ಚಿಪ್ಪುಗಳು ಎಲೆಚೂರಿನೊಂದಿಗೆ ತೇಲುತ್ತವೆ, ಮಣ್ಣು ತಳ ಸೇರುತ್ತದೆ. ತೇಲಿದ್ದನ್ನು ಚಹಾ ಸೋಸುವ ಜಾಲರಿಯಿಂದ ಎತ್ತಿ ಹಳೆಯ ಪತ್ರಿಕೆಯ ಮೇಲೆ ಹರಡಬೇಕು. ಮುರಕಲ್ಲಿನ ಜೇಡಿ ಒಳಗೆ ಹೊಕ್ಕ ಚಿಪ್ಪುಗಳು ತೇಲುವುದಿಲ್ಲವಾದ್ದರಿಂದ ತಳದ ಮಣ್ಣನ್ನೂ ಒಣಗಿಸಿ ಒಮ್ಮೆ ನೋಡದೆ ಚೆಲ್ಲಬಾರದು. ನಮ್ಮ ನೆಲದಲ್ಲಿ ಆ ತಳದ ಪಾಲಿನಲ್ಲೇ ಒಳ್ಳೆಯ ಮಾದರಿಗಳು ಅಡಗಿರುವುದುಂಟು.

ಹೆಕ್ಕುವಾಗ ಫ್ಯಾನು ನಿಲ್ಲಿಸಬೇಕು. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಇದು ಸಣ್ಣ ತ್ಯಾಗವಲ್ಲ, ಆದರೆ ಎರಡು ಮಿಲಿಮೀಟರಿನ ಒಣ ಚಿಪ್ಪಿಗೆ ಅಷ್ಟು ಗಾಳಿಯೇ ಬಿರುಗಾಳಿ. ಚಿಮಟ ಬಳಸಿದರೆ ಚಿಪ್ಪು ಪುಡಿಯಾಗುತ್ತದೆ; ಚಿತ್ರ ಬರೆಯುವ ಅತಿ ಸಣ್ಣ ಕುಂಚದ ತುದಿಯನ್ನು ಒದ್ದೆ ಮಾಡಿ ಮುಟ್ಟಿಸಿದರೆ ಚಿಪ್ಪು ತಾನಾಗಿ ಅಂಟಿಕೊಂಡು ಬರುತ್ತದೆ.

ನೋಡುವ ಕ್ರಮ

ಚಿನ್ನದ ಕೆಲಸದವರು ಕಣ್ಣಿಗಿಟ್ಟುಕೊಳ್ಳುವಂಥ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಿಂದ ಕುಟುಂಬದವರೆಗಿನ ಕೆಲಸ ಬಹುಮಟ್ಟಿಗೆ ನಡೆಯುತ್ತದೆ. ಕುಲದ ಮಟ್ಟಕ್ಕೆ ಇಳಿಯಲು ಇಪ್ಪತ್ತು ನಲವತ್ತು ಪಟ್ಟಿನ ಸೂಕ್ಷ್ಮದರ್ಶಕ ಬೇಕು. ಚಿಪ್ಪನ್ನು ಅದರ ಚೂಪು ತುದಿ ಮೇಲ್ಮುಖವಾಗಿ, ಬಾಯಿ ನಮ್ಮ ಕಡೆ ಬರುವಂತೆ ನಿಲ್ಲಿಸುವುದು ಎಲ್ಲರೂ ಒಪ್ಪಿದ ಪದ್ಧತಿ. ಆಗ ಬಾಯಿ ಬಲಗಡೆ ಇದ್ದರೆ ಅದು ಬಲಸುರುಳಿ, ಎಡಗಡೆ ಇದ್ದರೆ ಎಡಸುರುಳಿ. ಮೊಬೈಲಿನ ಮುಂದಿನ ಕ್ಯಾಮೆರಾದಿಂದ ತೆಗೆದ ಫೋಟೋಗಳು ಕೆಲವು ಫೋನುಗಳಲ್ಲಿ ಎಡಬಲ ಮಗುಚಿ ಉಳಿಯುತ್ತವೆ. ಸುರುಳಿಯ ದಿಕ್ಕೇ ಒಂದು ಲಕ್ಷಣವಾಗಿರುವ ಗುಂಪಿನಲ್ಲಿ ಇದರಿಂದ ಅನರ್ಥವಾಗುತ್ತದೆಯಾದ್ದರಿಂದ ಹಿಂದಿನ ಕ್ಯಾಮೆರಾವನ್ನೇ ಬಳಸಬೇಕು, ಪಕ್ಕದಲ್ಲಿ ಮಿಲಿಮೀಟರ್ ಗೆರೆಗಳಿರುವ ಗ್ರಾಫ್ ಹಾಳೆಯ ತುಂಡನ್ನು ಇಡಬೇಕು.

ಮೊದಲು ಕೇಳಬೇಕಾದ ಪ್ರಶ್ನೆ, ಇದು ಬೆಳೆದ ಚಿಪ್ಪೋ ಮರಿಯೋ ಎಂಬುದು. ಸಣ್ಣದೆಂಬ ಕಾರಣಕ್ಕೆ ಸಣ್ಣ ಪ್ರಭೇದವೆಂದು ತಿಳಿದು ದೊಡ್ಡ ಬಸವನಹುಳುವಿನ ಮರಿಗೆ ಹೆಸರು ಹುಡುಕಲು ಹೊರಡುವುದು ಹೊಸಬರೆಲ್ಲರೂ ಹಿಡಿಯುವ ತಪ್ಪುದಾರಿ. ಡಿಪ್ಲೊಮ್ಯಾಟಿನಿಡೀ ಕುಟುಂಬದಲ್ಲಿ ಬೆಳವಣಿಗೆ ಒಂದು ಹಂತಕ್ಕೆ ನಿಂತುಬಿಡುತ್ತದೆ. ನಿಂತಾಗ ಬಾಯಿಯ ಅಂಚು ದಪ್ಪವಾಗಿ ಹೊರಕ್ಕೆ ಮಗುಚಿಕೊಳ್ಳುತ್ತದೆ, ಹಲವು ಪ್ರಭೇದಗಳಲ್ಲಿ ಅಂಚಿನ ಮೇಲೆ ಇನ್ನೊಂದು ಅಂಚು ಕಟ್ಟಿ ಜೋಡಿಯಾಗಿ ಕಾಣುತ್ತದೆ. ಬಾಯಿಯಂಚು ತೆಳುವಾಗಿ, ಮುರಿದಂತೆ, ಮಗುಚದೆ ಇದ್ದರೆ ಅಂಥ ಚಿಪ್ಪಿನ ಮೇಲೆ ತೀರ್ಮಾನ ಕಟ್ಟಬಾರದು.

ಎರಡನೆಯದು ಮುಚ್ಚಳ. ಜೀವಂತ ಹುಳು ಒಳಸರಿದಾಗ ಬಾಯಿಯೊಳಗೆ ದುಂಡನೆಯ, ತೆಳುವಾದ, ಕೊಂಬಿನ ಬಣ್ಣದ ಬಿಲ್ಲೆ ಕಂಡರೆ ಅದು ಮುಚ್ಚಳವಿರುವ ಗುಂಪಿನದೆಂದು ಖಚಿತ. ಖಾಲಿ ಚಿಪ್ಪಿನಲ್ಲಿ ಮುಚ್ಚಳ ಬಿದ್ದುಹೋಗಿರುವುದೇ ಹೆಚ್ಚು; ಕಾಣಲಿಲ್ಲವೆಂದ ಮಾತ್ರಕ್ಕೆ ಇರಲಿಲ್ಲ ಎನ್ನುವಂತಿಲ್ಲ. ಇದ್ದರೂ ಅದೊಂದೇ ಸಾಲದು. ಒದ್ದೆ ಬಂಡೆಗಳ ಮೇಲಿರುವ ಜಿಯೊರಿಸ್ಸ ಎಂಬ ಸಣ್ಣ, ಕೆಂಪುಛಾಯೆಯ ಶಂಕುವಿನಾಕಾರದ ಹುಳುವಿಗೂ ಮುಚ್ಚಳವಿದೆ, ಆದರೆ ಅದು ಹೈಡ್ರೊಸೆನಿಡೀ ಕುಟುಂಬದ್ದು ಮತ್ತು ಡಿಪ್ಲೊಮ್ಯಾಟಿನಿಡೀಗೆ ಬಹುದೂರದ ಸಂಬಂಧಿ. ನದಿಮುಖದ ಕಲ್ಲುಗಳ ಮೇಲಿನ ನೆರೈಟ್ ಬಸವನಹುಳುಗಳ ಬಳಗ ಅದು. ಅಲ್ಲಿಂದ ಬೇರೆಯಾಗಿಯೇ ನೆಲಕ್ಕೆ ಬಂದಿದೆ. ಪಶ್ಚಿಮಘಟ್ಟದ ಸೈಯಥೊಪೋಮ ಎಂಬ ಕುಲಕ್ಕೂ ಮುಚ್ಚಳವಿದೆ, ಅದು ದಪ್ಪನೆಯ ಸುಣ್ಣದ ಮುಚ್ಚಳ. ಚಿಪ್ಪು ತಗ್ಗಾಗಿ ದುಂಡಗಿರುತ್ತದೆ. ಅದು ಸೈಕ್ಲೊಫೊರಿಡೀ ಕುಟುಂಬದ್ದು, ಡಿಪ್ಲೊಮ್ಯಾಟಿನಿಡೀಗೆ ಹತ್ತಿರದ ಸಂಬಂಧಿಯೇ ಆದರೂ ಬೇರೆ ಮನೆ.

ನಿರ್ಣಾಯಕವಾದ ಲಕ್ಷಣವೆಂದರೆ ಇಕ್ಕಟ್ಟು. ಡಿಪ್ಲೊಮ್ಯಾಟಿನ ಕುಲದ ಚಿಪ್ಪಿನಲ್ಲಿ ಕೊನೆಯ ಸುತ್ತಿನ ಕೊಳವೆ ಒಂದು ಎಡೆಯಲ್ಲಿ ಉಡಿದಾರ ಬಿಗಿದಂತೆ ಸಪೂರವಾಗಿ, ಮುಂದೆ ಮತ್ತೆ ಅಗಲವಾಗುತ್ತದೆ. ಬಾಯಿಯ ಅಂಚಿನಲ್ಲಿ ಅಲ್ಲ, ಅದಕ್ಕಿಂತ ಒಳಗೆ, ಸುಮಾರಾಗಿ ಬಾಯಿಯ ಮೇಲುಭಾಗದ ನೇರಕ್ಕೆ ಇದನ್ನು ಹುಡುಕಬೇಕು. ಹೊರಗಿನಿಂದ ಸುತ್ತು ತುಸು ಒಳಸರಿದಂತೆ, ಅಲ್ಲಿನ ಏಣುಗಳು, ಅಂದರೆ ಚಿಪ್ಪಿನ ಮೈಮೇಲಿನ ಉಬ್ಬುಗೆರೆಗಳು, ಒತ್ತೊತ್ತಾದಂತೆ ಕಾಣುವುದೇ ಅದರ ಸುಳಿವು. ಹುಳು ಒಳಗೆ ಸರಿದುಕೊಂಡಾಗ ಮುಚ್ಚಳ ಬಂದು ನಿಲ್ಲುವುದು ಈ ಇಕ್ಕಟ್ಟಿನ ಹತ್ತಿರವೇ. ಅದರ ಒಳಗೆ, ಸುತ್ತುಗಳೆಲ್ಲ ಸುತ್ತಿಕೊಂಡಿರುವ ನಡುಗಂಬದ ಮೇಲೆ ಒಂದು ಪಟ್ಟಿ, ಹೊರಗೋಡೆಯ ಒಳಮೈಯಲ್ಲಿ ಸಣ್ಣ ಮಡಿಕೆ ಇರುವುದುಂಟು, ಪ್ರಭೇದಗಳನ್ನು ಬೇರ್ಪಡಿಸುವಲ್ಲಿ ಇವುಗಳಿಗೆ ಬಹಳ ಬೆಲೆ. ಇವನ್ನು ನೋಡಲು ಚಿಪ್ಪನ್ನು ಒಡೆಯಬೇಕಾಗಿಲ್ಲ. ಹೊಸ ಚಿಪ್ಪು ಅರೆಪಾರದರ್ಶಕವಾಗಿರುತ್ತದೆ. ಅದರ ಮೇಲೆ ಒಂದು ಹನಿ ನೀರನ್ನೋ ಗ್ಲಿಸರಿನ್ನನ್ನೋ ಇಟ್ಟು ಹಿಂದಿನಿಂದ ಟಾರ್ಚಿನ ಬೆಳಕು ಬಿಟ್ಟರೆ ಒಳಗಿನ ಪಟ್ಟಿ ಮಸುಕು ಗೆರೆಯಾಗಿ ತೋರುತ್ತದೆ. ಹಳೆಯ, ಸುಣ್ಣದಂತೆ ಬಿಳಿಚಿಕೊಂಡ ಚಿಪ್ಪಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಕುಟುಂಬದ ಕೆಲವು ಕವಲುಗಳಲ್ಲಿ ಇಕ್ಕಟ್ಟು ಅಸ್ಪಷ್ಟವಾಗಿರುವುದರಿಂದ, ಅದು ಕಾಣದಿದ್ದಾಗ ಆ ಒಂದೇ ಕಾರಣಕ್ಕೆ ಚಿಪ್ಪನ್ನು ಈ ಕುಟುಂಬದಿಂದ ಹೊರಗಿಡಲಾಗದು.

ನಮ್ಮ ಅಂಗಳದಲ್ಲಿ ಡಿಪ್ಲೊಮ್ಯಾಟಿನಿಡೀ ಎಂದು ಭ್ರಮೆ ಹುಟ್ಟಿಸುವವು ಮುಖ್ಯವಾಗಿ ಮೂರು. ಹೂಕುಂಡದಲ್ಲಿ ಎಲ್ಲೆಲ್ಲೂ ಸಿಗುವ ಅಲೋಪಿಯಾಸ್ ಗ್ರಾಸಿಲೆ ಉದ್ದನೆಯ, ಹೊಳಪಿನ, ದಬ್ಬಣದ ಆಕಾರದ ಚಿಪ್ಪು. ಬೆಳೆದದ್ದು ಒಂದು ಸೆಂಟಿಮೀಟರಿಗೆ ಹತ್ತಿರವಾಗುವುದರಿಂದ ಅದರ ಮರಿಗಳೇ ಗೊಂದಲಕ್ಕೆ ಕಾರಣ. ಬಾಯಿಯಂಚು ಸರಳ, ಮಗುಚುವುದಿಲ್ಲ, ಮುಚ್ಚಳವಿಲ್ಲ. ಇದನ್ನು ಬಹುಕಾಲ ಸುಬುಲಿನಿಡೀ ಎಂಬ ಪ್ರತ್ಯೇಕ ಕುಟುಂಬದಲ್ಲಿಟ್ಟಿದ್ದರು. 2017ರ ಪರಿಷ್ಕೃತ ವರ್ಗೀಕರಣದಲ್ಲಿ ಅದು ಅಕಾಟಿನಿಡೀ ಕುಟುಂಬದೊಳಗಿನ ಉಪಕುಟುಂಬವಾಯಿತು, ಅಂದರೆ ಪಪ್ಪಾಯಿ ತಿನ್ನುವ ಆಫ್ರಿಕದ ದೈತ್ಯನೂ ಈ ದಬ್ಬಣದಂಥ ಹುಳುವೂ ಈಗ ಒಂದೇ ಕುಟುಂಬ. ಎರಡನೆಯದು ಸ್ಟ್ರೆಪ್ಟ್ಯಾಕ್ಸಿಡೀ ಕುಟುಂಬದ ಹಟ್ಟೊನೆಲ್ಲ ಬೈಕಲರ್. ಆರೇಳು ಮಿಲಿಮೀಟರಿನ ಕಂಬದಂಥ ಚಿಪ್ಪು, ಚಿಪ್ಪಿನ ಬಾಯಿಯೊಳಗೆ ಹಲ್ಲುಗಳೆಂದು ಕರೆಯುವ ಸಣ್ಣ ಉಬ್ಬುಗಳು. ಇದು ಬೇರೆ ಬಸವನಹುಳುಗಳನ್ನು ತಿನ್ನುವ ಮಾಂಸಾಹಾರಿ. ಹಲ್ಲುಗಳನ್ನು ನೋಡಿ ಡಿಪ್ಲೊಮ್ಯಾಟಿನ ಎನ್ನುವ ಮೊದಲು ಹಲ್ಲುಗಳ ಸಂಖ್ಯೆ ನೋಡಬೇಕು, ಇಕ್ಕಟ್ಟು ಇದೆಯೇ ಎಂದೂ ನೋಡಬೇಕು. ಡಿಪ್ಲೊಮ್ಯಾಟಿನದ ಬಾಯಿಯಲ್ಲಿ ಸಾಮಾನ್ಯವಾಗಿ ಕಾಣುವುದು ನಡುಗಂಬದ ಕಡೆಯ ಒಂದು ಹಲ್ಲು ಮಾತ್ರ. ಮೂರನೆಯದಾದ ಗ್ಯಾಸ್ಟ್ರೊಕಾಪ್ಟ ಅಳತೆಯಲ್ಲೂ ಇದಕ್ಕೆ ಸಮ, ಎರಡು ಮೂರು ಮಿಲಿಮೀಟರ್. ಆದರೆ ಬಾಯಿ ತುಂಬ ಹಲ್ಲುಗಳಿದ್ದು ಮುಚ್ಚಳವಿರುವುದಿಲ್ಲ.

ವರ್ಗೀಕರಣದಲ್ಲಿ ಸ್ಥಾನ

ಮೃದ್ವಂಗಿಗಳ ವಂಶ, ಉದರಪಾದಿಗಳ ವರ್ಗ, ಅದರೊಳಗೆ ಸೀನೊಗ್ಯಾಸ್ಟ್ರೊಪೋಡ ಎಂಬ ಉಪವರ್ಗ, ಸೈಕ್ಲೊಫೊರಾಯ್ಡಿಯ ಎಂಬ ಮೇಲ್ಕುಟುಂಬ, ಡಿಪ್ಲೊಮ್ಯಾಟಿನಿಡೀ ಕುಟುಂಬ ಎಂಬುದು ಇಂದಿನ ಅನುಕ್ರಮ. ಕುಟುಂಬದ ಹೆಸರು ಕೊಟ್ಟದ್ದು ಜರ್ಮನಿಯ ಚಿಪ್ಪುತಜ್ಞ ಫೈಫರ್, 1856ರಲ್ಲಿ. ಅದಕ್ಕೆ ಆಧಾರವಾದ ಡಿಪ್ಲೊಮ್ಯಾಟಿನ ಕುಲವನ್ನು ಸ್ಥಾಪಿಸಿದ್ದು ಭಾರತದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಡಬ್ಲ್ಯೂ. ಎಚ್. ಬೆನ್ಸನ್, 1849ರಲ್ಲಿ. ಇದೇ ಬೆನ್ಸನ್ 1847ರಲ್ಲಿ ಮಾರಿಷಸ್‌ನಿಂದ ತಂದ ದೈತ್ಯ ಬಸವನಹುಳುಗಳನ್ನು ಕಲ್ಕತ್ತದ ತೋಟದಲ್ಲಿ ಬಿಟ್ಟವರು. ಈ ದೇಶದ ಅತಿ ಸಣ್ಣ ಬಸವನಹುಳುಗಳಿಗೆ ಹೆಸರು ಕೊಟ್ಟ ಕೈಯೇ ಇಲ್ಲಿನ ತೋಟಗಳಿಗೆ ಅತಿ ದೊಡ್ಡದನ್ನು ತಂದಿಟ್ಟಿತು. ಕುಲದ ಮಾದರಿ ಪ್ರಭೇದವಾದ ಡಿಪ್ಲೊಮ್ಯಾಟಿನ ಫೊಲಿಕ್ಯುಲಸ್ ಅನ್ನು ಫೈಫರ್ 1846ರಲ್ಲಿ ಮೊದಲು ವಿವರಿಸಿದಾಗ ಇಟ್ಟದ್ದು ಬುಲಿಮಸ್ ಎಂಬ ಕುಲದಲ್ಲಿ, ಅಂದರೆ ಮುಚ್ಚಳವಿಲ್ಲದ ಬಸವನಹುಳುಗಳ ಸಾಲಿನಲ್ಲಿ. ಹೊರ ಆಕಾರವೊಂದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಬೇರೆ ಉದಾಹರಣೆ ಬೇಡ. ಪ್ರಭೇದದ ಹೆಸರಿನ ಮುಂದೆ ಕರ್ತೃವಿನ ಹೆಸರೂ ವರ್ಷವೂ ಕಂಸದೊಳಗಿದ್ದರೆ, ಆ ಪ್ರಭೇದವನ್ನು ಮೊದಲಿಟ್ಟ ಕುಲದಿಂದ ಈಗ ಬೇರೆ ಕುಲಕ್ಕೆ ಸರಿಸಲಾಗಿದೆ ಎಂದರ್ಥ. ಹಳೆಯ ಗ್ರಂಥಗಳಲ್ಲಿ ಹುಡುಕುವಾಗ ಈ ಸಣ್ಣ ಗುರುತು ಬಹಳ ಶ್ರಮ ಉಳಿಸುತ್ತದೆ.

ಭಾರತದ ಮುಚ್ಚಳವಿರುವ ನೆಲದ ಬಸವನಹುಳುಗಳಿಗೆ ಇಂದಿಗೂ ಮೊದಲು ತೆರೆಯಬೇಕಾದ ಗ್ರಂಥ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ಜಿ. ಕೆ. ಗೂಡ್ ಬರೆದು 1921ರಲ್ಲಿ ಪ್ರಕಟವಾದ ಸಂಪುಟ. ಅದರ ಸ್ಕ್ಯಾನ್ ಪ್ರತಿ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಅದರಲ್ಲಿ ಡಿಪ್ಲೊಮ್ಯಾಟಿನಿಡೀ ಎಂಬ ಕುಟುಂಬವನ್ನು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಆಗ ಇವೆಲ್ಲವನ್ನೂ ಸೈಕ್ಲೊಫೊರಿಡೀ ಕುಟುಂಬದೊಳಗೇ ಸೇರಿಸಿದ್ದರು. ವಿವರಣೆಗಳನ್ನು ಆ ಸಂಪುಟದಿಂದ ತೆಗೆದುಕೊಳ್ಳಬೇಕು, ಸ್ಥಾನವನ್ನು ಮಾತ್ರ ಮೊಲಸ್ಕಬೇಸ್‌ನಂಥ ಇಂದಿನ ಪಟ್ಟಿಯಿಂದ ಸರಿಪಡಿಸಿಕೊಳ್ಳಬೇಕು. ಯುರೋಪಿನ ಕೊಕ್ಲೊಸ್ಟೋಮ ಮತ್ತದರ ಬಳಗವೂ ಬಹುಕಾಲ ಈ ಕುಟುಂಬದೊಳಗೇ ಇತ್ತು, ಈಗ ಅದಕ್ಕೆ ಪ್ರತ್ಯೇಕ ಕುಟುಂಬವಿದೆ. ಚಿಪ್ಪಿನ ಜೊತೆಗೆ ಡಿಎನ್ಎಯನ್ನೂ ನೋಡತೊಡಗಿದ ಮೇಲೆ ಇಂಥ ಬದಲಾವಣೆಗಳು ಹೆಚ್ಚಾಗಿವೆ. 2012ರಲ್ಲಿ ಪ್ರಕಟವಾದ ಅಂಥ ಒಂದು ಅಧ್ಯಯನವು ಸುರುಳಿಯ ದಿಕ್ಕು ಈ ಕುಟುಂಬದ ಇತಿಹಾಸದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿದೆ ಎಂದು ತೋರಿಸಿತು. ಹಾಗಾಗಿ ಎಡಸುರುಳಿಯದ್ದೆಲ್ಲ ಒಂದು ಗುಂಪು, ಬಲಸುರುಳಿಯದ್ದೆಲ್ಲ ಇನ್ನೊಂದು ಗುಂಪು ಎಂದು ವಿಂಗಡಿಸುವಂತಿಲ್ಲ. ದಿಕ್ಕನ್ನು ತಪ್ಪದೆ ಬರೆದುಕೊಳ್ಳಬೇಕು, ಅದೊಂದರ ಮೇಲೆಯೇ ಸಂಬಂಧ ಕಲ್ಪಿಸಬಾರದು.

ಕುಲದ ಮಟ್ಟದಲ್ಲಿ ದಕ್ಷಿಣ ಭಾರತದವರು ಮುಖ್ಯವಾಗಿ ಮೂರು ಹೆಸರುಗಳನ್ನು ತಿಳಿದಿರಬೇಕು. ಡಿಪ್ಲೊಮ್ಯಾಟಿನ, ಏಣುಗಳಿರುವ ಕಿರುಗೋಪುರದಂಥ ಚಿಪ್ಪು. ನಿಸಿಡ, ದಕ್ಷಿಣ ಭಾರತ ಹಾಗೂ ಶ್ರೀಲಂಕಾದ ಕುಲ, ಬ್ಲಾನ್‌ಫರ್ಡ್ 1868ರಲ್ಲಿ ಹೆಸರಿಸಿದ್ದು. ಮೂರನೆಯದು ಒಪಿಸ್ತೊಸ್ಟೋಮ, ಭೂವಿಜ್ಞಾನಿಗಳಾಗಿದ್ದ ಬ್ಲಾನ್‌ಫರ್ಡ್ ಸಹೋದರರು ನೀಲಗಿರಿಯ ಚಿಪ್ಪನ್ನು ಆಧರಿಸಿ 1860ರಲ್ಲಿ ಸ್ಥಾಪಿಸಿದ್ದು. ಇದರಲ್ಲಿ ಕೊನೆಯ ಸುತ್ತು ಉಳಿದ ಚಿಪ್ಪಿನಿಂದ ಬಿಡಿಸಿಕೊಂಡು ಮೇಲಕ್ಕೆ ತಿರುಗಿ ಬಾಯಿ ಹಿಂದುಮುಂದಾಗಿ ನಿಲ್ಲುವುದರಿಂದ, ಒಮ್ಮೆ ಕಂಡವರು ಅದನ್ನು ಬೇರಾವುದರೊಂದಿಗೂ ಗೊಂದಲ ಮಾಡಿಕೊಳ್ಳುವುದಿಲ್ಲ. ಮಲೇಷ್ಯಾದಿಂದ 2008ರಲ್ಲಿ ವಿವರಿಸಲಾದ ಒಪಿಸ್ತೊಸ್ಟೋಮ ವರ್ಮಿಕ್ಯುಲಮ್ ಎಂಬುದರ ಚಿಪ್ಪು ನಾಲ್ಕು ಬೇರೆಬೇರೆ ಅಕ್ಷಗಳ ಸುತ್ತ ಸುರುಳಿ ತಿರುಗುತ್ತದೆ. ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಬೆಡೋಮ್ 1875ರಲ್ಲಿ ದಕ್ಷಿಣ ಭಾರತದ ಮುಚ್ಚಳವಿರುವ ಅನೇಕ ಹೊಸ ಪ್ರಭೇದಗಳನ್ನು ವಿವರಿಸಿದರು. ನಮ್ಮ ಕಾಲಕ್ಕೆ ಬಂದರೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಎನ್. ಎ. ಮಧ್ಯಸ್ಥರು ಈ ಅಧ್ಯಯನವನ್ನು ಕರಾವಳಿಯಲ್ಲಿ ಬೆಳೆಸಿದವರು. ಅವರೂ ಸಹಲೇಖಕರೂ 2005ರಲ್ಲಿ ಪಶ್ಚಿಮಘಟ್ಟದ ನೆಲದ ಬಸವನಹುಳುಗಳ ವೈವಿಧ್ಯದ ಬಗ್ಗೆ ಪ್ರಕಟಿಸಿದರು. ಅದರ ಪ್ರಕಾರ ಘಟ್ಟಸಾಲಿನಿಂದ ಆಗ ತಿಳಿದಿದ್ದ ಪ್ರಭೇದಗಳು ಸುಮಾರು 270, ಅವುಗಳಲ್ಲಿ ಬಹುಪಾಲು ಬೇರೆಲ್ಲೂ ಇಲ್ಲದವು.

ಒಂದೇ ಗುಡ್ಡಕ್ಕೆ ಸೀಮಿತವಾದ ಪ್ರಭೇದಗಳು ಈ ಕುಟುಂಬದಲ್ಲಿ ಅಪರೂಪವಲ್ಲ. ಮಲೇಷ್ಯಾದ ಪ್ಲೆಕ್ಟೊಸ್ಟೋಮ ಸಿಯಾಫಿಲಮ್ ಎಂಬುದು ಒಂದೇ ಸುಣ್ಣಕಲ್ಲಿನ ಗುಡ್ಡದಲ್ಲಿತ್ತು. ಕಲ್ಲಿಗಾಗಿ ಆ ಗುಡ್ಡವನ್ನು ಅಗೆದು ಮುಗಿಸಿದ ಮೇಲೆ ಅದು ಅಳಿದುಹೋದ ಪ್ರಭೇದಗಳ ಪಟ್ಟಿಗೆ ಸೇರಿತು. ಆದುದರಿಂದ ಚೀಟಿಯಲ್ಲಿ ಜಾಗದ ವಿವರ ಎಷ್ಟು ನಿಖರವಾಗಿದ್ದರೂ ಹೆಚ್ಚಾಗುವುದಿಲ್ಲ. ಕಾರ್ಕಳ ತಾಲೂಕು ಎಂದಷ್ಟೇ ಬರೆದ ಚಿಪ್ಪು ಮುಂದೆ ಯಾರ ಉಪಯೋಗಕ್ಕೂ ಬರುವುದಿಲ್ಲ.

ಇಡುವುದು ಮತ್ತು ಬರೆಯುವುದು

ಚಿಪ್ಪುಗಳನ್ನು ಸಣ್ಣ ಗಾಜಿನ ಸೀಸೆಯಲ್ಲೋ ಖಾಲಿ ಜಿಲೆಟಿನ್ ಕ್ಯಾಪ್ಸೂಲಿನಲ್ಲೋ ಇಡಬಹುದು. ಕರಾವಳಿಯ ತೇವಕ್ಕೆ ಜಿಲೆಟಿನ್ ಮೆತ್ತಗಾಗಿ ಅಂಟುವುದರಿಂದ ನಾನು ಗಾಜಿನ ಪರ. ಹತ್ತಿಯನ್ನು ನೇರವಾಗಿ ತುಂಬಬಾರದು, ಅದರ ಎಳೆಗಳು ಬಾಯಿಯಂಚಿಗೆ ಸಿಕ್ಕಿಕೊಂಡು ತೆಗೆಯುವಾಗ ಚಿಪ್ಪು ಮುರಿಯುತ್ತದೆ. ಮರದ ಪೆಟ್ಟಿಗೆ, ಕಳಪೆ ರಟ್ಟಿನ ಡಬ್ಬಿಗಳಿಂದ ಹೊಮ್ಮುವ ಆಮ್ಲದ ಆವಿ ತೇವದ ಹವೆಯಲ್ಲಿ ಚಿಪ್ಪಿನ ಸುಣ್ಣವನ್ನು ತಿಂದು ಮೇಲೆ ಬಿಳಿ ಹುಡಿ ಏಳಿಸುತ್ತದೆ. ಬೈನ್ ರೋಗವೆಂದು ಸಂಗ್ರಹಾಲಯದವರು ಕರೆಯುವ ಈ ಹಾಳಿಗೆ ನಮ್ಮ ಜೂನ್ ಜುಲೈ ತಿಂಗಳುಗಳು ತೀರಾ ಅನುಕೂಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ಆಗಾಗ ಅದನ್ನು ಬಿಸಿಮಾಡಿ ಒಣಗಿಸುವುದು ಇಷ್ಟರಿಂದ ಸಂಗ್ರಹ ಉಳಿಯುತ್ತದೆ.

ಪ್ರತಿ ಸೀಸೆಯೊಳಗೆ ಎರಡು ಚೀಟಿಗಳಿರಬೇಕು. ಮೊದಲನೆಯದರಲ್ಲಿ ಜಾಗ, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಯಾವ ಮರದ ಬುಡ ಅಥವಾ ಯಾವ ಬಗೆಯ ಕಲ್ಲು ಎಂಬ ವಿವರ, ಸಂಗ್ರಹಿಸಿದವರ ಹೆಸರು. ಇದನ್ನು ಎಂದೂ ಬದಲಿಸಬಾರದು. ಎರಡನೆಯದರಲ್ಲಿ ಗುರುತಿಸಿದ ಹೆಸರು, ಗುರುತಿಸಿದವರು, ಗುರುತಿಸಿದ ವರ್ಷ. ಮುಂದೆ ಬೇರೊಬ್ಬರು ಬೇರೆ ಹೆಸರು ಕೊಟ್ಟರೆ ಹಳೆಯ ಚೀಟಿಯನ್ನು ತೆಗೆಯದೆ ಹೊಸದನ್ನು ಸೇರಿಸಬೇಕು. ಇಕ್ಕಟ್ಟು ಸ್ಪಷ್ಟವಾಗಿ ಕಂಡು, ಬಾಯಿಯಂಚು ಮಗುಚಿದ್ದು, ಏಣುಗಳೂ ನಡುಗಂಬದ ಹಲ್ಲೂ ಇದ್ದರೆ ಡಿಪ್ಲೊಮ್ಯಾಟಿನ ಕುಲ, ಪ್ರಭೇದ ಗೊತ್ತಿಲ್ಲ ಎಂದು ಬರೆಯಬಹುದು. ಇಕ್ಕಟ್ಟು ಮಾತ್ರ ಕಂಡು ಬಾಯಿ ಮುರಿದಿದ್ದರೆ ಡಿಪ್ಲೊಮ್ಯಾಟಿನಿಡೀ ಎಂದಷ್ಟೇ. ಮುಚ್ಚಳ ಮಾತ್ರ ಕಂಡಿದ್ದರೆ ಮುಚ್ಚಳವಿರುವ ನೆಲದ ಬಸವನಹುಳು ಎಂಬುದಕ್ಕಿಂತ ಒಂದು ಅಕ್ಷರವೂ ಹೆಚ್ಚು ಬೇಡ. ಫೋಟೋಗಳನ್ನು ಐನ್ಯಾಚುರಲಿಸ್ಟ್‌ನಂಥ, ಜೀವಿಗಳ ಗುರುತಿಗೆ ನೆರವಾಗುವ ಅಂತರಜಾಲ ತಾಣಕ್ಕೆ ಹಾಕುವಾಗ ಅಲ್ಲಿನ ಯಂತ್ರ ಸೂಚಿಸುವ ಪ್ರಭೇದದ ಹೆಸರನ್ನು ಈ ಗಾತ್ರದ ಹುಳುಗಳ ವಿಷಯದಲ್ಲಿ ಒಪ್ಪಿಕೊಳ್ಳದೆ, ಬಾಯಿಯ ಕಡೆಯಿಂದ, ಬೆನ್ನಿನ ಕಡೆಯಿಂದ, ಪಕ್ಕದಿಂದ ಮತ್ತು ತುದಿಯ ಮೇಲಿನಿಂದ ತೆಗೆದ ನಾಲ್ಕು ಚಿತ್ರಗಳನ್ನು ಅಳತೆಯೊಂದಿಗೆ ಸೇರಿಸಿ ಕುಟುಂಬದ ಹೆಸರಿನಲ್ಲೇ ಬಿಟ್ಟರೆ, ಈ ಗುಂಪನ್ನು ಬಲ್ಲವರು ಅದನ್ನು ಕುಲಕ್ಕೋ ಪ್ರಭೇದಕ್ಕೋ ಇಳಿಸಲು ಅನುಕೂಲವಾಗುತ್ತದೆ.